ಲಂಡನ್ನಿನಲ್ಲಿ ಹಿಂದೂಸ್ಥಾನದ ಊಟದ ಮನೆ

೧

ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯವೆಂದೂ, ಬೇಯಿಸಿದ ಅನ್ನವನ್ನು ಮಾರುವುದು ಗೌರವದ ವೃತ್ತಿಯಲ್ಲವೆಂದೂ ಭಾರತೀಯರಲ್ಲಿ ಬಹುಮಂದಿ ಬಹುಕಾಲ ನಂಬಿದ್ದರು. ಛತ್ರಗಳಲ್ಲಿಯೂ ಮಠಗಳಲ್ಲಿಯೂ ಬಂದವರಿಗೆ ಎಲೆ ಹಾಕುವ ಪದ್ಧತಿಯು ಪ್ರಾಚೀನವಾದುದು. ಶೃಂಗರಿಸಿದ ಶಾಲೆಯಲ್ಲಿ ಕುಳಿತು, ಬೇಕಾದ ಪದಾರ್ಥವನ್ನು ಹೆಸರು ಹೇಳಿ ತರಿಸಿ, ಉಂಡು, ಹಣವನ್ನು ತೆತ್ತು ಏಳುವ ಪದ್ಧತಿಯಾದರೋ ಅದರೊಡನೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಹೀಗಿರುವಲ್ಲಿ, ಭಾರತದ ಅಡಿಗೆಯನ್ನು ಸಿರಿವಂತರ ಮೇಜಿನ ಮೇಲಿಟ್ಟು ಮಾರಲು ಹೊರಟವರ ಪೈಕಿ ಹೆಸರು ಉಳಿಸಿಕೊಂಡ ಮೊದಲಿಗರಲ್ಲೊಬ್ಬನು ಆ ಕೆಲಸವನ್ನು ಭಾರತದಲ್ಲಿ ಮಾಡದೆ, ಸಮುದ್ರವನ್ನು ದಾಟಿ ಲಂಡನ್ ಪಟ್ಟಣದಲ್ಲಿ ಮಾಡಿದನೆಂಬುದು ಸೋಜಿಗವಾಗಿ ತೋರಬಹುದು.

ಆ ಪಟ್ಟಣದ ಜಾರ್ಜ್ ಬೀದಿಯ ಒಂದು ಕಟ್ಟಡದ ಗೋಡೆಯ ಮೇಲೆ ವೆಸ್ಟ್‌ಮಿನ್‌ಸ್ಟರ್ ನಗರಸಭೆಯವರು ೨೦೦೫ರಲ್ಲಿ ಹಸಿರು ಬಣ್ಣದ ದುಂಡು ಫಲಕವೊಂದನ್ನು ನಿಲ್ಲಿಸಿದರು. ೧೮೧೦ರಲ್ಲಿ ಆ ನೆಲೆಯ ಸಮೀಪದಲ್ಲಿ ‘ಹಿಂದೂಸ್ಥಾನೀ ಕಾಫಿ ಹೌಸ್’ ಎಂಬ ಭೋಜನಗೃಹವಿದ್ದಿತೆಂಬುದನ್ನೂ, ಅದನ್ನು ಸ್ಥಾಪಿಸಿದವನು ದೀನ್ ಮಹಮ್ಮದನೆಂಬುದನ್ನೂ ಆ ಫಲಕವು ದಾರಿಹೋಕರಿಗೆ ತಿಳಿಸುತ್ತದೆ. ಅಲ್ಲಿಂದ ಮೊದಲುಗೊಂಡು ಎರಡು ಶತಮಾನಗಳ ಕಾಲ ಲಂಡನ್ನಿನ ನಡುಪೇಟೆಯಲ್ಲಿ ಏಳುತ್ತ ಬೀಳುತ್ತ ಬಂದ ಭಾರತೀಯ ಭೋಜನಗೃಹಗಳ ಕಥೆಯು ಬರಿಯ ನಾಲಗೆಯ ರುಚಿಯ ಕಥೆಯೆಂದು ಭಾವಿಸಲಾಗದು. ಅಡಿಗೆ ಮಾಡಿದವನಿಗೂ ಉಂಡವನಿಗೂ ನಡುವೆ ಆಳುವವರು ಆಳಿಸಿಕೊಳ್ಳುವವರು ಎಂಬ ಭೇದವಿರುವಲ್ಲಿ, ಮೇಜಿನ ಮೇಲಿಟ್ಟ ಊಟವು ಯಾರದು? ಬಡಿಸಿದವನ ನಾಡಿನದೋ, ಉಣ್ಣುವವನ ನೆನಪಿನದೋ? ಈ ಪ್ರಶ್ನೆಯೇ ಈ ಚರಿತ್ರೆಯ ತಿರುಳು.

೨

ದೀನ್ ಮಹಮ್ಮದನು ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿದನು. ಅವನ ತಂದೆಯು ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಸೈನ್ಯದಲ್ಲಿದ್ದವನು. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಈ ಹುಡುಗನು ಹತ್ತು ಹನ್ನೊಂದು ವರ್ಷದ ಪ್ರಾಯದಲ್ಲಿ ಬೇಕರ್ ಎಂಬ ಐರಿಷ್ ಅಧಿಕಾರಿಯ ಬೆನ್ನುಹಿಡಿದು ದಂಡಿನ ಬಿಡಾರವನ್ನು ಸೇರಿದನು; ಬರಬರುತ್ತ ಸುಬೇದಾರನ ಪದವಿಯವರೆಗೂ ಏರಿದನು. ಬೇಕರನು ಸೈನ್ಯವನ್ನು ಬಿಟ್ಟು ತಾಯ್ನಾಡಿಗೆ ಮರಳಿದಾಗ ಮಹಮ್ಮದನೂ ಜೊತೆಗೆ ಹಡಗನ್ನು ಹತ್ತಿ, ೧೭೮೪ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಬಂದಿಳಿದನು. ಅಲ್ಲಿ ಇಂಗ್ಲಿಷ್ ವಿದ್ಯೆಯನ್ನು ಕಲಿತು, ಜೇನ್ ಡೇಲಿ ಎಂಬ ಐರಿಷ್ ತರುಣಿಯನ್ನು ವರಿಸಿ, ೧೭೯೪ರಲ್ಲಿ ತನ್ನ ಸಂಚಾರಗಳ ವೃತ್ತಾಂತವನ್ನು ಕಾಗದಗಳ ರೂಪದಲ್ಲಿ ಬರೆದು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಮೊದಲ ಪುಸ್ತಕವೆಂಬ ಕೀರ್ತಿಯು ಈ ಗ್ರಂಥಕ್ಕೆ ಸಲ್ಲುತ್ತದೆ.

ಸುಮಾರು ೧೮೦೭ರಲ್ಲಿ ಅವನು ಸಂಸಾರದೊಡನೆ ಲಂಡನ್ನಿಗೆ ಬಂದು ಪೋರ್ಟ್‌ಮನ್ ಚೌಕದ ಬಳಿ ನೆಲೆಸಿದನು. ಕಂಪೆನಿಯ ಕಾರಭಾರದಲ್ಲಿ ಭಾರತದಲ್ಲಿ ಹಣವನ್ನು ಗಳಿಸಿ, ಮುಪ್ಪಿನಲ್ಲಿ ತಾಯ್ನಾಡಿಗೆ ಮರಳಿದ ಧನಿಕರು ಆ ಭಾಗದಲ್ಲಿ ಮನೆಗಳನ್ನು ಕಟ್ಟಿಕೊಂಡಿದ್ದರು. ಜನರು ಇವರನ್ನು ಅರ್ಧ ಹಾಸ್ಯದಿಂದಲೂ ಅರ್ಧ ಹೊಟ್ಟೆಕಿಚ್ಚಿನಿಂದಲೂ ‘ನವಾಬ’ರೆಂದು ಕರೆಯುತ್ತಿದ್ದರು. ಅಂತಹವರಲ್ಲಿ ಒಬ್ಬನಾದ ಬೇಸಿಲ್ ಕಾಕ್ರೇನನು ತನ್ನ ಮನೆಯಲ್ಲಿ ಹಬೆಯ ಸ್ನಾನಗೃಹವೊಂದನ್ನು ಏರ್ಪಡಿಸಿದ್ದನು. ಮಹಮ್ಮದನು ಕೆಲಕಾಲ ಅಲ್ಲಿ ಕೆಲಸಕ್ಕಿದ್ದನು. ಇವರೆಲ್ಲರಿಗೂ ಭಾರತದ ಊಟದ ಮೇಲಣ ಆಸೆಯು ಹೋಗಿರಲಿಲ್ಲವೆಂಬುದನ್ನು ಅವನು ಕಣ್ಣಾರೆ ಕಂಡನು.

ಆ ಆಸೆಯು ಇಂಗ್ಲೆಂಡಿಗೆ ಹೊಸದೇನೂ ಆಗಿರಲಿಲ್ಲ. ೧೭೪೭ರಲ್ಲಿಯೇ ಹ್ಯಾನ ಗ್ಲಾಸ್ ಎಂಬಾಕೆಯು ತನ್ನ ಪಾಕಶಾಸ್ತ್ರದ ಪುಸ್ತಕದಲ್ಲಿ ಇಂಡಿಯಾದ ರೀತಿಯಲ್ಲಿ ‘ಕರಿ’ಯನ್ನು ಮಾಡುವ ಕ್ರಮವನ್ನು ಬರೆದಿದ್ದಳು. ಮೊದಲ ಮುದ್ರಣದಲ್ಲಿ ಕಾಳುಮೆಣಸೂ ಕೊತ್ತಂಬರಿ ಬೀಜವೂ ಮಾತ್ರ ಸಂಬಾರವಾಗಿದ್ದುವು. ಅರಿಸಿನವೂ ಶುಂಠಿಯೂ ಮುಂದಿನ ಮುದ್ರಣಗಳಲ್ಲಿ ಬಂದು ಸೇರಿದುವು. ಹೇಮಾರ್ಕೆಟ್ಟಿನ ನಾರಿಸ್ ಬೀದಿಯ ಕಾಫಿಗೃಹದಲ್ಲಿ ೧೭೭೩ರ ಸುಮಾರಿಗೆ ಈ ಪದಾರ್ಥವು ದೊರೆಯುತ್ತಿತ್ತು. ಆದರೆ ಇಂಗ್ಲಿಷರ ಊಟದ ನಡುವೆ ಒಂದು ಬಟ್ಟಲು ‘ಕರಿ’ಯನ್ನು ಇಡುವುದು ಬೇರೆ, ಇಡಿಯ ಮನೆಯನ್ನೇ ಹಿಂದೂಸ್ಥಾನದ ಹೆಸರಿನಲ್ಲಿ ತೆರೆಯುವುದು ಬೇರೆ. ಈ ಎರಡನೆಯದನ್ನು ಮಾಡಿದವನು ದೀನ್ ಮಹಮ್ಮದನು.

೩

ಜಾರ್ಜ್ ಬೀದಿಯ ೩೪ನೆಯ ಸಂಖ್ಯೆಯ ಮನೆಯಲ್ಲಿ ೧೮೧೦ರಲ್ಲಿ ತೆರೆದ ಆ ಭೋಜನಗೃಹಕ್ಕೆ ಕಾಫಿಯ ಹೆಸರಿದ್ದರೂ, ಅಲ್ಲಿಯ ಮುಖ್ಯ ವ್ಯಾಪಾರವು ಊಟದ್ದೇ. ಬೆತ್ತ ಬಿದಿರುಗಳ ಕುರ್ಚಿ ಪೀಠಗಳು, ಗೋಡೆಗಳ ಮೇಲೆ ಭಾರತದ ದೃಶ್ಯಗಳ ಚಿತ್ರಗಳು, ಹುಕ್ಕಾ ಸೇದುವವರಿಗೆ ಪ್ರತ್ಯೇಕವಾದ ಒಂದು ಕೋಣೆ, ಅಲ್ಲಿ ಹಿಂದೂಸ್ಥಾನದ ಚಿಲುಮೆಯ ತಂಬಾಕು, ಇವೆಲ್ಲವನ್ನೂ ಅವನು ಅಣಿಮಾಡಿದನು. ೧೮೧೧ರ ಮಾರ್ಚಿಯಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟನು. ಭಾರತದಲ್ಲಿದ್ದು ಬಂದ ಮಹನೀಯರು ಆ ರುಚಿಯನ್ನು ಇಂಗ್ಲೆಂಡಿನಲ್ಲಿ ಇಷ್ಟು ಚೆನ್ನಾಗಿ ಮತ್ತೆಲ್ಲಿಯೂ ಕಾಣಲಾರರೆಂಬುದು ಅದರ ಅಭಿಪ್ರಾಯ. ೧೮೧೫ರಲ್ಲಿ ಅಚ್ಚಾದ ಲಂಡನ್ ಭೋಜನಗೃಹಗಳ ಕೈಪಿಡಿಯೊಂದರಲ್ಲಿಯೂ ಈ ಮನೆಯ ಹೆಸರು ಕಾಣುತ್ತದೆ. ಅನ್ನ, ಸಂಬಾರದ ಪುಡಿ, ಮೆಣಸಿನಕಾಯಿಯ ಖಾರ ಮತ್ತು ಹುಕ್ಕಾ ಇವುಗಳ ಮಾತು ಅಲ್ಲಿ ಬರುತ್ತದೆ.

ಆದರೆ ಆ ಕೈಪಿಡಿಯು ಹೊರಬೀಳುವ ಹೊತ್ತಿಗೆ ಮನೆಯು ಮಹಮ್ಮದನ ಕೈಯಲ್ಲಿರಲಿಲ್ಲ. ತೆರೆದ ಎರಡು ವರ್ಷಗಳಲ್ಲಿಯೇ, ಎಂದರೆ ೧೮೧೨ರಲ್ಲಿ, ಅವನು ದಿವಾಳಿಯಾದನು. ಮನೆಯು ಬೇರೆಯವರ ಒಡೆತನದಲ್ಲಿ ೧೮೩೩ರವರೆಗೆ ನಡೆಯಿತು. ಸ್ಥಾಪಕನಿಗೆ ಮಾತ್ರ ಅದರಿಂದ ಏನೂ ದಕ್ಕಲಿಲ್ಲ.

ಈ ಸೋಲಿನ ಕಾರಣವನ್ನು ಅಡಿಗೆಯಲ್ಲಿ ಹುಡುಕುವುದು ಸಲ್ಲದು. ಪೋರ್ಟ್‌ಮನ್ ಚೌಕದ ಧನಿಕರು ಭಾರತದಿಂದ ಬರುವಾಗ ಹಣವನ್ನು ಮಾತ್ರ ತಂದಿರಲಿಲ್ಲ. ಅನೇಕರು ಅಡಿಗೆಯವರನ್ನೂ ಸೇವಕರನ್ನೂ ಕರೆತಂದಿದ್ದರು. ಮನೆಯಲ್ಲಿಯೇ ಹಿಂದೂಸ್ಥಾನದ ಅಡಿಗೆಯವನು ಸಂಬಳಕ್ಕಿರುವಾಗ, ಅದೇ ಊಟಕ್ಕೆ ಬೀದಿಗೆ ಬಂದು ಹಣವನ್ನು ಏಕೆ ತೆರಬೇಕು? ಇನ್ನು ಭಾರತದೊಡನೆ ವ್ಯಾಪಾರವುಳ್ಳ ವರ್ತಕರು ಸೇರುತ್ತಿದ್ದುದು ದೂರದ ವ್ಯಾಪಾರಪೇಟೆಯಲ್ಲಿದ್ದ ಜೆರೂಸಲೆಂ ಕಾಫಿಗೃಹದಲ್ಲಿ. ಅಲ್ಲಿ ಹಡಗುಗಳ ಸುದ್ದಿಯೂ ಸರಕಿನ ಧಾರಣೆಯೂ ದೊರೆಯುತ್ತಿದ್ದುವು. ಊಟವು ಅವರಿಗೆ ಎರಡನೆಯ ಮಾತು. ಭಾರತವನ್ನು ಕಾಣದ ಸಾಮಾನ್ಯ ಇಂಗ್ಲಿಷನಿಗೆ ಈ ಮನೆಯ ಹಂಬಲವೇ ಇರಲಿಲ್ಲ. ಹೀಗೆ ಮಹಮ್ಮದನು ಯಾರ ನೆನಪನ್ನು ನಂಬಿ ಬಂಡವಾಳವನ್ನು ಹೂಡಿದನೋ ಅವರು ಆ ನೆನಪನ್ನು ತಮ್ಮ ತಮ್ಮ ಮನೆಗಳಲ್ಲಿಯೇ, ಕಡಿಮೆ ವೆಚ್ಚದಲ್ಲಿ, ತಣಿಸಿಕೊಳ್ಳುತ್ತಿದ್ದರು. ಭಾರತೀಯನ ಕೈಯಡಿಗೆಯು ಅವರಿಗೆ ಬೇಕಾಗಿದ್ದಿತು. ಭಾರತೀಯನೊಬ್ಬನು ಯಜಮಾನನಾಗಿ ಬಾಗಿಲಲ್ಲಿ ನಿಂತು ಅವರನ್ನು ಬರಮಾಡಿಕೊಳ್ಳುವುದು ಬೇಕಾಗಿರಲಿಲ್ಲ.

ಇದಕ್ಕೆ ಸಾಕ್ಷಿಯಾಗಿ ೧೮೧೩ರ ಏಪ್ರಿಲಿನ ‘ಟೈಮ್ಸ್’ ಪತ್ರಿಕೆಯ ಒಂದು ಚಿಕ್ಕ ಪ್ರಕಟಣೆಯಿದೆ. ಹಿಂದೂಸ್ಥಾನೀ ಕಾಫಿ ಹೌಸಿನಲ್ಲಿದ್ದ ಮಹಮ್ಮದನು ಯಾವನಾದರೊಬ್ಬ ದೊಡ್ಡಮನುಷ್ಯನ ಮನೆಯಲ್ಲಿ ಊಳಿಗದವರ ಮುಖ್ಯನಾಗಿ ಕೆಲಸವನ್ನು ಬಯಸುತ್ತಾನೆಂದೂ, ಪೇಟೆಯ ಸಾಮಾನು ಕೊಳ್ಳುವುದನ್ನೂ ಅಡಿಗೆಯ ಮನೆಯ ಆಡಳಿತವನ್ನೂ ಬಲ್ಲನೆಂದೂ, ಪಟ್ಟಣವಾದರೂ ಹಳ್ಳಿಯಾದರೂ ಅಡ್ಡಿಯಿಲ್ಲವೆಂದೂ ಅದರಲ್ಲಿ ತಿಳಿಸಿತ್ತು. ಎರಡು ವರ್ಷಗಳ ಹಿಂದೆ ಅದೇ ಪತ್ರಿಕೆಯಲ್ಲಿ ಅತಿಥಿಗಳನ್ನು ಆಹ್ವಾನಿಸಿದ್ದವನು ಇಂದು ಅದೇ ಅತಿಥಿಗಳ ಮನೆಯ ಊಳಿಗಕ್ಕೆ ಕೈಯೊಡ್ಡಿದನು. ಗ್ರಂಥವನ್ನು ಬರೆದವನು, ಸುಬೇದಾರನಾಗಿ ಕತ್ತಿಯನ್ನು ಧರಿಸಿದವನು, ಐವತ್ತು ದಾಟಿದ ಪ್ರಾಯದಲ್ಲಿ ಹೀಗೆ ಬರೆಯಿಸಬೇಕಾದುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಆದರೂ ಅವನ ಧೈರ್ಯವು ಅಲ್ಲಿಗೆ ಮುಗಿಯಲಿಲ್ಲ. ೧೮೧೪ರಲ್ಲಿ ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೆ ಹೋಗಿ, ಹಬೆಯ ಸ್ನಾನವನ್ನೂ ಅಂಗಮರ್ದನವನ್ನೂ ಕೂಡಿಸಿ ಚಿಕಿತ್ಸೆಯೊಂದನ್ನು ಆರಂಭಿಸಿದನು. ಹಿಂದೂಸ್ಥಾನಿಯಲ್ಲಿ ಮೈಯನ್ನು ತಿಕ್ಕಿ ಒತ್ತುವುದಕ್ಕೆ ಇರುವ ‘ಚಾಂಪೋ’ ಎಂಬ ಮಾತು ‘ಶಾಂಪೂ’ ಆಗಿ ಇಂಗ್ಲೆಂಡಿನಲ್ಲಿ ಮನೆಮಾತಾದುದರಲ್ಲಿ ಅವನ ಪಾಲು ದೊಡ್ಡದು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳು ಅವನಿಗೆ ರಾಜಾಶ್ರಯವನ್ನು ಕೊಟ್ಟರು. ೧೮೫೧ರಲ್ಲಿ ಅವನು ತೀರಿಕೊಂಡನು. ಊಟವನ್ನು ಇಕ್ಕಿದಾಗ ಕೈಬಿಟ್ಟ ಜನರು ಮೈಯನ್ನು ಒತ್ತಿದಾಗ ಕೈಹಿಡಿದರು.

೪

ಹಿಂದೂಸ್ಥಾನೀ ಕಾಫಿ ಹೌಸು ಮುಚ್ಚಿದ ಮೇಲೆ ಬಹುಕಾಲ ಲಂಡನ್ನಿನ ನಡುಪೇಟೆಯಲ್ಲಿ ಅಂತಹ ಹೆಸರುವಾಸಿಯಾದ ಮನೆ ಏಳಲಿಲ್ಲ. ೧೮೮೮ರಲ್ಲಿ ನ್ಯಾಯಶಾಸ್ತ್ರವನ್ನು ಓದಲು ಬಂದ ಮೋಹನದಾಸ ಗಾಂಧಿಯೆಂಬ ತರುಣನು ಅರೆಹೊಟ್ಟೆಯಲ್ಲಿ ದಿನಗಳನ್ನು ಕಳೆದು, ಬೀದಿ ಬೀದಿ ಅಲೆದು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಇಂಗ್ಲಿಷರು ನಡೆಯಿಸುತ್ತಿದ್ದ ಶಾಕಾಹಾರದ ಭೋಜನಗೃಹವೊಂದನ್ನು ಕಂಡು ಹೊಟ್ಟೆತುಂಬ ಉಂಡನೆಂಬುದು ಅವನ ಆತ್ಮಕಥೆಯಿಂದ ಎಲ್ಲರಿಗೂ ತಿಳಿದಿದೆ. ಅದೇ ಕಾಲದಲ್ಲಿ ವಿಕ್ಟೋರಿಯಾ ರಾಣಿಯ ಅರಮನೆಯಲ್ಲಿ, ೧೮೮೭ರಿಂದ ಬಂದಿದ್ದ ಭಾರತೀಯ ಸೇವಕರು ಭಾರತದ ಅಡಿಗೆಯನ್ನು ಮಾಡಿ ಬಡಿಸುತ್ತಿದ್ದರು. ಭಾರತದ ಊಟವು ರಾಣಿಯ ಮೇಜಿಗೆ ಏರಿದ್ದಿತು. ಭಾರತದ ವಿದ್ಯಾರ್ಥಿಗೆ ಅದು ಎಟುಕುತ್ತಿರಲಿಲ್ಲ. ಆ ಊಟವು ಯಾರಿಗಾಗಿ ಇದ್ದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ಚಿಕ್ಕ ಭೋಜನಗೃಹಗಳು ತಲೆಯೆತ್ತಿದುವು. ಆದರೆ ನಡುಪೇಟೆಯ ವೈಭವದ ಶಾಲೆಯೆಂದು ಹೆಸರಾದುದು ರೀಜೆಂಟ್ ಬೀದಿಯ ‘ವೀರಸ್ವಾಮಿ’. ದಕ್ಷಿಣಾಪಥದ ಈ ಹೆಸರನ್ನು ಕೇಳಿದವರು ಅದನ್ನು ಸ್ಥಾಪಿಸಿದವನು ಮದರಾಸಿನ ಕಡೆಯ ವರ್ತಕನಿರಬೇಕೆಂದು ಊಹಿಸಬಹುದು. ಸ್ಥಾಪಕನ ಹೆಸರು ಎಡ್ವರ್ಡ್ ಪಾಮರ್. ಹೈದರಾಬಾದಿನಲ್ಲಿ ಲೇವಾದೇವಿಯ ದೊಡ್ಡ ಕೋಠಿಯನ್ನು ನಡೆಯಿಸಿದ ಪಾಮರ್ ಮನೆತನದವನು. ಆ ಮನೆತನದ ಮೂಲಪುರುಷನಾದ ಜನರಲ್ ವಿಲಿಯಂ ಪಾಮರನು ಫೈಜ್ ಎಂಬ ಮುಸಲ್ಮಾನ ಕುಲೀನೆಯನ್ನು ಮಡದಿಯಾಗಿ ಪಡೆದಿದ್ದನು. ವೀರಸ್ವಾಮಿಯೆಂಬುದು ಎಡ್ವರ್ಡನ ಅಜ್ಜಿಯ ಕಡೆಯಿಂದ ಬಂದ ಹೆಸರೆಂದು ಹೇಳುತ್ತಾರೆ. ಎರಡು ರಕ್ತಗಳೂ ಎರಡು ನಾಡುಗಳೂ ಕೂಡಿದ ಈ ಮನುಷ್ಯನು ೧೮೯೬ರಲ್ಲಿ ಆ ಹೆಸರಿನ ಸಂಸ್ಥೆಯೊಂದನ್ನು ಲಂಡನ್ನಿನಲ್ಲಿ ತೆರೆದು, ‘ನಿಜಾಂ’ ಎಂಬ ಮುದ್ರೆಯಲ್ಲಿ ಸಂಬಾರದ ಪುಡಿ, ಉಪ್ಪಿನಕಾಯಿ ಮೊದಲಾದುವನ್ನು ಮಾರುತ್ತಿದ್ದನು.

೧೯೨೪ ಮತ್ತು ೧೯೨೫ರಲ್ಲಿ ವೆಂಬ್ಲಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಮಹಾಪ್ರದರ್ಶನವು ನಡೆಯಿತು. ಎರಡು ವರ್ಷಗಳಲ್ಲಿ ಸುಮಾರು ೨ ಕೋಟಿ ೭೦ ಲಕ್ಷ ಜನರು ಅದನ್ನು ನೋಡಿದರು. ಅಲ್ಲಿಯ ಭಾರತ ವಿಭಾಗದ ಭೋಜನಶಾಲೆಯಲ್ಲಿ ಪಾಮರನ ಕೈವಾಡವಿದ್ದಿತು. ಹದಿನೈದು ದಶಕಗಳಿಂದ ಪುಸ್ತಕಗಳಲ್ಲಿಯೂ ಧನಿಕರ ಮನೆಗಳಲ್ಲಿಯೂ ಅಡಗಿದ್ದ ರುಚಿಯನ್ನು ಅಲ್ಲಿ ಸಾಮಾನ್ಯ ಜನರೂ ಕಂಡರು. ಆ ಉತ್ಸಾಹವು ಆರುವ ಮುನ್ನವೇ, ೧೯೨೬ರಲ್ಲಿ, ಅವನು ರೀಜೆಂಟ್ ಬೀದಿಯ ವಿಕ್ಟರಿ ಹೌಸೆಂಬ ಕಟ್ಟಡದ ಮಹಡಿಯಲ್ಲಿ ತನ್ನ ಶಾಲೆಯನ್ನು ತೆರೆದನು. ಹಳೆಯ ಮನೆಗಳನ್ನು ಕೆಡವಿ ಬೀದಿಯನ್ನೆಲ್ಲ ಹೊಸದಾಗಿ ಕಟ್ಟುತ್ತಿದ್ದ ಕಾಲವದು. ಮರುವರ್ಷವೇ ಐದನೆಯ ಜಾರ್ಜ್ ದೊರೆಯು ರಾಣಿಯೊಡನೆ ಆ ನವೀನ ಬೀದಿಯಲ್ಲಿ ಮೆರವಣಿಗೆ ಬಂದನು. ಪಟ್ಟಣದ ನೆತ್ತಿಯ ಮೇಲೆ ಎಂಬಂತೆ ಭಾರತದ ಊಟಕ್ಕೆ ಒಂದು ಪೀಠವು ದೊರೆಯಿತು.

ಮಹಮ್ಮದನು ಸೋತಲ್ಲಿ ಪಾಮರನು ಗೆದ್ದುದಕ್ಕೆ ಕಾಲವು ಬದಲಾದುದೇ ಮುಖ್ಯ ಕಾರಣ. ಭಾರತದಿಂದ ನಿವೃತ್ತರಾಗಿ ಬಂದ ಅಧಿಕಾರಿಗಳ ಸಂಖ್ಯೆಯು ಬೆಳೆದಿತ್ತು. ಅವರಲ್ಲಿ ಹೆಚ್ಚಿನವರು ಪಿಂಚಣಿಯ ಮೇಲೆ ಬಾಳುವವರು. ನವಾಬರಂತೆ ಅಡಿಗೆಯವರನ್ನೂ ಆಳುಗಳನ್ನೂ ಜೊತೆಗೆ ತಂದಿಟ್ಟುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅಲ್ಲಿ ದೊಡ್ಡ ಬಂಗಲೆಯಲ್ಲಿದ್ದು, ಇಲ್ಲಿ ಚಿಕ್ಕ ಮನೆಯನ್ನು ಸೇರಿದ ಅಂತಹವರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ರೀಜೆಂಟ್ ಬೀದಿಯ ಮೆಟ್ಟಲುಗಳನ್ನೇರಿದರೆ, ರುಮಾಲು ಸುತ್ತಿದ ಪರಿಚಾರಕರು ಸಲಾಮು ಮಾಡಿ ‘ಸಾಹೇಬ್’ ಎನ್ನುತ್ತಿದ್ದರು. ಅಲ್ಲಿ ಮಾರಾಟವಾದುದು ಊಟವೊಂದೇ ಆಗಿರಲಿಲ್ಲ. ಕಳೆದುಹೋದ ದೊರೆತನವೂ ಎರಡು ಗಂಟೆಗಳ ಮಟ್ಟಿಗೆ ಬಾಡಿಗೆಗೆ ದೊರೆಯುತ್ತಿತ್ತು.

ಆ ಊಟವಾದರೂ ಯಾವ ನಾಡಿನದು? ‘ಮುಲ್ಲಿಗಟಾನಿ’ ಎಂಬ ಪೇಯವನ್ನು ನೋಡಿದರೆ ಸಾಕು. ತಮಿಳಿನ ‘ಮಿಳಗು ತಣ್ಣೀರ್’, ಎಂದರೆ ಮೆಣಸಿನ ನೀರು, ಅದರ ಹುಟ್ಟು. ಕನ್ನಡಿಗರ ಮನೆಯ ಮೆಣಸಿನ ಸಾರಿನ ದಾಯಾದಿಯಾದ ಈ ತಿಳಿಯು ಮದರಾಸಿನ ಸಾಹೇಬರ ಬಂಗಲೆಗಳಲ್ಲಿ ಮಾಂಸವನ್ನೂ ತರಕಾರಿಯನ್ನೂ ಸೇರಿಸಿಕೊಂಡು ಗಟ್ಟಿಯಾಗಿ, ಯಾವ ತಮಿಳು ಗೃಹಿಣಿಯೂ ಗುರುತಿಸಲಾರದ ರೂಪವನ್ನು ತಾಳಿತು. ಸಂಬಾರದ ಪುಡಿಯ ಗತಿಯೂ ಅದೇ. ದಿನದಿನದ ಅಡಿಗೆಗೆ ದಿನದಿನವೂ ಬೇರೆಯಾಗಿ ಅರೆಯಬೇಕಾದ ಮಸಾಲೆಯು ಒಂದೇ ಡಬ್ಬಿಯ ಹಳದಿ ಪುಡಿಯಾಗಿ ನಿಂತುಹೋಯಿತು. ಬಂಗಾಳ, ಅಯೋಧ್ಯೆ, ಹೈದರಾಬಾದು, ಮಲೆಯಾಳಗಳು ತಮ್ಮ ತಮ್ಮ ಹೆಸರನ್ನು ಕಳೆದುಕೊಂಡು ‘ಕರಿ’ ಎಂಬ ಒಂದೇ ಮಾತಿನಲ್ಲಿ ಮುಳುಗಿದುವು. ಉಂಡವರು ಭಾರತವನ್ನು ಉಂಡೆವೆಂದು ತಿಳಿದರು. ಅವರು ಉಂಡುದು ತಮ್ಮ ಬಂಗಲೆಯ ನೆನಪನ್ನು.

೫

೧೯೩೦ರ ದಶಕದಲ್ಲಿ ವೀರಸ್ವಾಮಿಯು ವಿಲಿಯಂ ಸ್ಟೂವರ್ಡ್ ಎಂಬ ಇಂಗ್ಲಿಷನ ಕೈಸೇರಿತು. ಮುಂದೆ ಅವನು ಪಾರ್ಲಿಮೆಂಟಿನ ಸದಸ್ಯನೂ ಆದನು. ನಡುಪೇಟೆಯ ಈ ಶಾಲೆಯ ವೈಭವದ ಹಿಂದೆ ಇನ್ನೊಂದು ಬಗೆಯ ಜನರಿದ್ದರು. ಬಂಗಾಳದ ಮೂಡಣ ಭಾಗದ ಸಿಲ್‌ಹಟ್ ಪ್ರಾಂತದಿಂದ ಹಡಗುಗಳ ಕೆಲಸಕ್ಕೆ ಸೇರಿ, ಉಗಿಯಂತ್ರಗಳ ಕುಲುಮೆಗಳಿಗೆ ಕಲ್ಲಿದ್ದಲನ್ನು ಎರಚುತ್ತಿದ್ದ ಲಸ್ಕರರು ಅವರು. ಆ ಬೇಗೆಯನ್ನು ತಾಳಲಾರದೆ ಲಂಡನ್ನಿನ ರೇವಿನಲ್ಲಿ ಹಡಗನ್ನು ಬಿಟ್ಟು ಓಡಿದ ಅನೇಕರು ಭೋಜನಗೃಹಗಳಲ್ಲಿ ಪಾತ್ರೆಗಳನ್ನು ತೊಳೆಯುವುದರಿಂದ ತೊಡಗಿ ಅಡಿಗೆಯನ್ನು ಕಲಿತರು. ಎರಡನೆಯ ಮಹಾಯುದ್ಧದ ತರುವಾಯ, ಬಾಂಬುಗಳಿಂದ ಹಾಳಾದ ಚಿಕ್ಕ ಚಿಕ್ಕ ಅಂಗಡಿಗಳನ್ನು ಅಗ್ಗದ ಬೆಲೆಗೆ ಕೊಂಡು, ಇಂಗ್ಲಿಷರಿಗೆ ಪ್ರಿಯವಾದ ಮೀನು ಆಲೂಗಡ್ಡೆಗಳ ಜೊತೆಗೆ ಅನ್ನವನ್ನೂ ‘ಕರಿ’ಯನ್ನೂ ಇಟ್ಟು ಮಾರಿದರು.

ಇಲ್ಲಿ ಚರಿತ್ರೆಯ ಒಂದು ವಿನೋದವಿದೆ. ೧೯೪೭ರ ಜನಮತದಿಂದ ಸಿಲ್‌ಹಟ್ಟಿನ ಹೆಚ್ಚಿನ ಭಾಗವು ಪೂರ್ವ ಪಾಕಿಸ್ತಾನಕ್ಕೆ ಸೇರಿತು. ೧೯೭೧ರಲ್ಲಿ ಅದು ಬಾಂಗ್ಲಾದೇಶವಾಯಿತು. ಹೀಗಾಗಿ ಇಂಗ್ಲೆಂಡಿನ ಊರೂರುಗಳಲ್ಲಿ ‘ಇಂಡಿಯನ್’ ಎಂಬ ಹಲಗೆಯನ್ನು ತೂಗಹಾಕಿದ ಮನೆಗಳ ಒಡೆಯರಲ್ಲಿ ಬಹುಮಂದಿ ಭಾರತದ ಪ್ರಜೆಗಳೇ ಆಗಿರಲಿಲ್ಲ. ಹೆಸರು ಗಿರಾಕಿಯ ನಾಲಗೆಗೆ ಒಗ್ಗಿದುದು. ಊಟವೂ ಅವನ ನಾಲಗೆಗೆ ಒಗ್ಗಿದುದು. ಬಡಿಸಿದವರು ಮನೆಗೆ ಹೋಗಿ ಉಣ್ಣುತ್ತಿದ್ದ ಮೀನಿನ ತಿಳಿಸಾರೂ ಸೊಪ್ಪಿನ ಪಲ್ಯವೂ ಗಿರಾಕಿಯ ಮೇಜಿಗೆ ಬರಲಿಲ್ಲ. ಮಹಮ್ಮದನ ಕಾಲದ ಪ್ರಶ್ನೆಯು ಬೇರೊಂದು ವೇಷದಲ್ಲಿ ಉಳಿದೇ ಇದ್ದಿತು.

೬

ಈ ಸ್ಥಿತಿಯು ಬದಲಾಗತೊಡಗಿದುದು ೧೯೮೦ರ ದಶಕದಿಂದ ಈಚೆಗೆ. ೧೯೮೨ರಲ್ಲಿ ತಾಜ್ ಸಂಸ್ಥೆಯವರು ಲಂಡನ್ನಿನ ಕೆನ್ಸಿಂಗ್ಟನ್ ಭಾಗದಲ್ಲಿ ‘ಬಾಂಬೆ ಬ್ರಾಸರಿ’ಯನ್ನು ತೆರೆದು, ಭಾರತದ ಬೇರೆ ಬೇರೆ ಪ್ರಾಂತಗಳ ಅಡಿಗೆಯನ್ನು ಆಯಾ ಪ್ರಾಂತದ ಹೆಸರಿನಲ್ಲಿಯೇ ಬಡಿಸಿದರು. ಬಂಗಲೆಯ ನೆನಪುಳ್ಳವರು ಆ ವೇಳೆಗೆ ಮುದುಕರಾಗಿದ್ದರು. ಹೊಸ ತಲೆಮಾರಿನ ಗಿರಾಕಿಗಳಲ್ಲಿ ಇಂಗ್ಲಿಷರೂ ಇದ್ದರು, ಇಂಗ್ಲೆಂಡಿನಲ್ಲಿ ನೆಲಸಿದ ಭಾರತೀಯರೂ ಇದ್ದರು. ತನ್ನ ತಾಯಿಯ ಅಡಿಗೆಯನ್ನು ಬಲ್ಲವನ ಮುಂದೆ ಡಬ್ಬಿಯ ಪುಡಿಯ ಆಟವು ನಡೆಯಲಾರದು.

ಈ ಬದಲಾವಣೆಯಲ್ಲಿ ಕನ್ನಡನಾಡಿಗೂ ಒಂದು ನಂಟುಂಟು. ೧೯೯೦ರಲ್ಲಿ ಅದೇ ತಾಜ್ ಸಂಸ್ಥೆಯವರು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ‘ಕರಾವಳಿ’ ಎಂಬ ಭೋಜನಶಾಲೆಯನ್ನು ತೆರೆದರು. ಗೋವೆಯಿಂದ ಮಂಗಳೂರಿನ ಮೂಲಕ ಕೇರಳದವರೆಗಿನ ಕಡಲ ತಡಿಯ ಮನೆಯಡಿಗೆಯನ್ನು, ಆಯಾ ಮನೆಗಳ ಗೃಹಿಣಿಯರಿಂದಲೇ ಕಲಿತು ಬಂದು ಬಡಿಸುವುದು ಅದರ ಉದ್ದೇಶವಾಗಿತ್ತು. ಕೋರಿ ಗಸ್ಸಿಯೂ ನೀರುದೋಸೆಯೂ ಅದುವರೆಗೆ ದೊಡ್ಡ ಹೋಟೆಲಿನ ಮೇಜನ್ನು ಏರಲು ಅರ್ಹವೆಂದು ಹೆಚ್ಚಿನವರು ಎಣಿಸಿರಲಿಲ್ಲ. ಅಲ್ಲಿ ಪಾಕಶಾಲೆಯನ್ನು ನಡೆಯಿಸಿದ್ದ ಶ್ರೀರಾಮ್ ಐಲೂರರು ಲಂಡನ್ನಿಗೆ ಹೋಗಿ, ೧೯೯೯ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ಸಮೀಪದಲ್ಲಿ ತೆರೆದ ‘ಕ್ವಿಲಾನ್’ ಶಾಲೆಯ ಹೊಣೆಯನ್ನು ಹೊತ್ತರು. ಕ್ವಿಲಾನ್ ಎಂದರೆ ಕೊಲ್ಲಂ. ಪಡುವಣ ತೀರದ ಒಂದು ಹಳೆಯ ರೇವು. ಹಿಂದೂಸ್ಥಾನವೆಂಬ ಇಡಿಯ ಹೆಸರಿಗೆ ಬದಲಾಗಿ ಒಂದು ಊರಿನ ಹೆಸರನ್ನು ಬಾಗಿಲ ಮೇಲೆ ಬರೆಯುವ ಧೈರ್ಯವು ಆ ವೇಳೆಗೆ ಬಂದಿತ್ತು. ಫ್ರಾನ್ಸ್ ದೇಶದ ಮಿಷೆಲಿನ್ ಸಂಸ್ಥೆಯವರು ಉತ್ತಮ ಭೋಜನಶಾಲೆಗಳಿಗೆ ಕೊಡುವ ನಕ್ಷತ್ರದ ಬಿರುದು ೨೦೦೧ರಲ್ಲಿ ಮೊದಲ ಬಾರಿಗೆ ಲಂಡನ್ನಿನ ಎರಡು ಭಾರತೀಯ ಶಾಲೆಗಳಿಗೆ ಬಂದಿದ್ದಿತು. ೨೦೦೮ರಲ್ಲಿ ಅದು ಕ್ವಿಲಾನಿಗೂ ಲಭಿಸಿತು.

ರೀಜೆಂಟ್ ಬೀದಿಯ ಹಳೆಯ ಶಾಲೆಯೂ ಹೊಸ ಜನ್ಮವನ್ನು ಪಡೆಯಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಅದನ್ನು ಕೊಂಡ ನಮಿತಾ ಪಂಜಾಬಿ ಮತ್ತು ರಂಜಿತ್ ಮತ್ರಾಣಿ ಎಂಬವರು ಅಡಿಗೆಯನ್ನು ತಿದ್ದಿ, ಪ್ರಾಂತಪ್ರಾಂತಗಳ ಪದಾರ್ಥಗಳನ್ನು ತಂದರು. ಸ್ಥಾಪನೆಯಾದ ತೊಂಬತ್ತು ವರ್ಷಗಳಿಗೆ, ೨೦೧೬ರಲ್ಲಿ, ವೀರಸ್ವಾಮಿಗೂ ನಕ್ಷತ್ರದ ಬಿರುದು ಬಂದಿತು. ಸಾಹೇಬರ ನೆನಪಿಗಾಗಿ ಕಟ್ಟಿದ ಶಾಲೆಯು ಕಡೆಗೆ ತನ್ನ ಅಡಿಗೆಯ ಹಿರಿಮೆಯಿಂದಲೇ ನಿಲ್ಲುವಂತಾಯಿತು.

ಆದರೂ ನೆಲವು ಬೇರೆಯವರದು. ವಿಕ್ಟರಿ ಹೌಸು ಇಂಗ್ಲೆಂಡಿನ ಸಿಂಹಾಸನದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ವಶದಲ್ಲಿರುವ ಕಟ್ಟಡ. ೨೦೨೫ರಲ್ಲಿ ಗುತ್ತಿಗೆಯ ಅವಧಿಯು ಮುಗಿದಾಗ, ಕಟ್ಟಡವನ್ನು ಮಾರ್ಪಡಿಸುವ ಉದ್ದೇಶದಿಂದ ಅವರು ಗುತ್ತಿಗೆಯನ್ನು ಮುಂದುವರಿಸಲು ಒಪ್ಪಲಿಲ್ಲ. ವ್ಯಾಜ್ಯವು ನ್ಯಾಯಸ್ಥಾನದ ಮೆಟ್ಟಲನ್ನೇರಿತು. ಶತಮಾನವನ್ನು ಸಮೀಪಿಸಿದ ಶಾಲೆಯೊಂದು ತನ್ನ ಅಡಿಗೆಯ ಕುಂದಿನಿಂದಲ್ಲದೆ, ಬಾಗಿಲ ದಾರಿಗಾಗಿಯೂ ಕೋಣೆಗಳ ಅಳತೆಗಾಗಿಯೂ ನೆಲೆಯನ್ನು ಬಿಡಬೇಕಾಗಬಹುದೆಂಬ ಸಂಕಟವನ್ನು ಕಂಡಿತು.

ಶಾಲೆಗಳು ಏಳುತ್ತವೆ, ಬೀಳುತ್ತವೆ. ದೀನ್ ಮಹಮ್ಮದನು ಕುಳಿತೆದ್ದ ಬಿದಿರ ಕುರ್ಚಿಗಳಲ್ಲಿ ಒಂದೂ ಉಳಿದಿಲ್ಲ. ಗೋಡೆಯ ಮೇಲೆ ಒಂದು ಹಸಿರು ಫಲಕವುಂಟು. ಅವನು ತನ್ನ ಮನೆಯ ಬಾಗಿಲಲ್ಲಿ ಯಜಮಾನನಾಗಿ ನಿಂತುದು ಎರಡೇ ವರ್ಷ. ಅಂತಹ ಬಾಗಿಲಲ್ಲಿ ತಮ್ಮ ಊರಿನ ಹೆಸರನ್ನು ಬರೆದು, ತಮ್ಮ ತಾಯಂದಿರು ಮಾಡಿದಂತೆಯೇ ಅಡಿಗೆ ಮಾಡಿ, ಬಂದವರನ್ನು ಸರಿಸಮರಾಗಿ ಬರಮಾಡಿಕೊಳ್ಳುವುದಕ್ಕೆ ಅವನ ಹಿಂದಿನಿಂದ ಬಂದವರಿಗೆ ಇನ್ನೂರು ವರ್ಷಗಳು ಹಿಡಿದುವು.